ಓಬಮ್ಮ ಎತ್ತಿದ ಕೈ

ಓದುವ ಮಕ್ಕಳು ಮನೆಯಲ್ಲಿದ್ದರೆ ಇದನ್ನು ಅವರಿಗೆ ತೋರಿಸಿ... ನಾನು ಕೆಮಿಸ್ಟ್ರಿ ಪಾಠ ಮಾಡುವವಳು, ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ನಾನು, ಗೆಳತಿ ಓಬಮ್ಮ ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್ ಸೇರಿದೆವು. ಪಾಠವೆಲ್ಲ ಇಂಗ್ಲಿಷ್. ತಲೆಬುಡ ತಿಳಿಯುತ್ತಿರಲಿಲ್ಲ.

ಕೊನೆಗೆ ಸರ್ "ಅಂಡರ್‌ಸ್ಟುಡ್?" ಎನ್ನುವರು. ಇಡೀ ಕ್ಲಾಸು ಒಂದೇ ರಾಗದಲ್ಲಿ "ಯೆಸ್ ಸಾರ್" ಎನ್ನುವುದು ವಾಡಿಕೆ. ನಾವೂ ಎನ್ನುತ್ತಿದ್ದೆವು.

ಒಂದು ದಿನ ಲ್ಯಾಬಿನಲ್ಲಿ ಆಸಿಡ್ ತೆಳು ಮಾಡುವುದನ್ನು ಸರ್ ಗಡಗಡನೆ ಹೇಳಿ ಮುಗಿಸಿದರು. ಯಾವುದಕ್ಕೆ ಯಾವುದನ್ನು ಸುರಿಯಬೇಕು ಎಂಬುದೇ ನಮಗೆ ತಿಳಿಯಲಿಲ್ಲ.

"ಕೇಳ್ತೀನಿ ತಾಳೇ" ಎಂದು ಓಬಮ್ಮ ಕೈ ಎತ್ತಿದಳು.

ನಾನು ಆ ಕೈ ಹಿಡಿದು ಕೆಳಗೆ ಎಳೆದೆ. "ಸುಮ್ನಿರೇ, ಎಲ್ರೂ ನಗ್ತಾರೆ. ಇಷ್ಟೂ ಗೊತ್ತಾಗಲ್ವಾ ನಿಂಗೆ?" ಅಂದೆ.

ನನಗೂ ಗೊತ್ತಿರಲಿಲ್ಲ...

ನೀರಿಗೆ ಆಸಿಡ್ ಹಾಕಬೇಕಿತ್ತು. ಅವಳು ಆಸಿಡ್‌ಗೆ ನೀರು ಸುರಿದಳು. ಕುದ್ದು ಸಿಡಿದದ್ದು ನೇರ ಎಡಗಣ್ಣಿಗೆ.

ಆ ಕಣ್ಣು ಹೋಯಿತು. ಓಬಮ್ಮ ಮತ್ತೆ ಕಾಲೇಜಿಗೆ ಬರಲಿಲ್ಲ.

ನಾನು ಓದಿದೆ, ಲೆಕ್ಚರರ್ ಆದೆ. ಅವಳ ಮುಖ ನೋಡುವ ಧೈರ್ಯ ಮಾತ್ರ ಬರಲಿಲ್ಲ. ಕ್ಲಾಸಿನಲ್ಲಿ ಯಾರು ಕೈ ಎತ್ತಿದರೂ ಅವಳ ಮಣಿಕಟ್ಟು ಇನ್ನೂ ನನ್ನ ಹಿಡಿತದಲ್ಲೇ ಇದೆ ಅನ್ನಿಸುತ್ತದೆ.

ಕಳೆದ ವಾರ ಅದೇ ಪಾಠ ಮಾಡಿ "ಅರ್ಥ ಆಯ್ತಾ?" ಎಂದೆ. "ಯೆಸ್ ಮಿಸ್" ಎಂದಿತು ಕ್ಲಾಸು.

ಕೊನೆಯ ಸಾಲಿನಲ್ಲಿ ಬಿಂದುಶ್ರೀ ಎಂಬ ಹುಡುಗಿ ಎದ್ದು ನಿಂತಳು.

"ಮಿಸ್... ನಂಗೆ ಅರ್ಥ ಆಗ್ಲಿಲ್ಲ."

ಎಲ್ಲರೂ ಕಿಸಕ್ಕನೆ ನಕ್ಕರು. ನನಗೆ ರೇಗಿತು. "ಇನ್ಯಾರಿಗೆ ಅರ್ಥ ಆಗಿಲ್ಲ? ನಿಜ ಹೇಳಿ" ಎಂದೆ.

ಒಂದೊಂದಾಗಿ ಇಪ್ಪತ್ಮೂರು ಕೈಗಳು ಎದ್ದವು. ನಕ್ಕವರ ಕೈಗಳೂ ಅದರಲ್ಲಿದ್ದವು. ಮತ್ತೆ ಮೊದಲಿಂದ ಕನ್ನಡದಲ್ಲಿ ಹೇಳಿಕೊಟ್ಟೆ.

ಹದಿನಾರರ ಹುಡುಗಿಗಿರುವ ಎದೆಗಾರಿಕೆ ನನಗಿಲ್ಲವಲ್ಲ ಎಂದು ನಾಚಿಕೆಯಾಯಿತು. ಸಂಜೆ ನಂಬರ್ ಹುಡುಕಿ ಓಬಮ್ಮನಿಗೆ ಫೋನ್ ಮಾಡಿದೆ.

"ಅವತ್ತು ನಂಗೂ ಅರ್ಥ ಆಗಿರ್ಲಿಲ್ಲ ಕಣೇ... ಗೊತ್ತಿರೋಳ ಥರ ನಿನ್ ಕೈ ಎಳೆದ್‌ಬಿಟ್ಟೆ" ಎಂದು ಅತ್ತೆ.

ಓಬಮ್ಮ ಮೆಲ್ಲಗೆ ಹೇಳಿದಳು...

"ಕಣ್ಣು ಹೋಯ್ತು ಅಂತ ನಾನು ಕಾಲೇಜ್ ಬಿಡ್ಲಿಲ್ಲ ಕಣೇ. ಇನ್ನೊಂದ್ ಕಣ್ಣಿತ್ತಲ್ಲ, ಅದ್ರಲ್ಲೇ ಓದ್ತಿದ್ದೆ. ಎಲ್ರಿಗೂ ಅರ್ಥ ಆಗಿದೆ, ನಾನೊಬ್ಳೇ ದಡ್ಡಿ ಅನ್ಕೊಂಡು ಮನೇಲಿ ಉಳಿದೆ. ಅವತ್ತೇ ಬಂದು ಈ ಮಾತು ಹೇಳ್ಬಾರ್ದಿತ್ತಾ?"



*"ಗೊತ್ತಾಗಲಿಲ್ಲ" ಎಂದು ಒಬ್ಬರು ಎದ್ದು ನಿಂತರೆ, ಸುಮ್ಮನೆ ಕೂತ ಹತ್ತು ಜನ ಬದುಕಿಕೊಳ್ಳುತ್ತಾರೆ.*

ನಾಳೆ ನಿಮ್ಮ ಪಕ್ಕದವರು ಕೈ ಎತ್ತಿದರೆ... ಆ ಕೈ ಎಳೆಯುತ್ತೀರಾ, ನಿಮ್ಮದನ್ನೂ ಎತ್ತುತ್ತೀರಾ?