ಹೆಣ್ಣಿನ ಕಡೆಯಿಂದ ಒಬ್ಬಳು

"ಹೆಣ್ಣಿನ ಕಡೆಯವರು ಎಷ್ಟು ಜನ, ಅಪ್ಪಾ?"

ಮಗಳು ನಾಲ್ಕನೇ ಸಲ ಕೇಳುತ್ತಿದ್ದಳು. ಅಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದ. ಮಾತು ತಪ್ಪಿಸಬೇಕಾದಾಗೆಲ್ಲ ಅವನ ಅಂಗಡಿಯಲ್ಲಿ ಯಾವುದಾದರೊಂದು ಗಡಿಯಾರ ತುರ್ತಾಗಿ ಕೆಟ್ಟಿರುತ್ತಿತ್ತು.

"ಒಬ್ಬಳು," ಅಂದ ಕೊನೆಗೆ. "ಮಗಳು."

"ಅಷ್ಟೇನಾ?"

"ಅಷ್ಟೇ. ಅವಳೂ ಮುಖ ಕೊಟ್ಟು ಮಾತಾಡ್ತಾಳೋ ಇಲ್ವೋ. ತಾಯಿ ಮೇಲೆ ಬಹಳ ಕೋಪ."

ಕೋಪ ಬರದೆ ಇನ್ನೇನು? ಕೂದಲು ನೆರೆತ ಮೇಲೆ ಹಸೆಮಣೆಯ ಆಸೆ. ಆ ಹುಡುಗಿಗೂ ತನ್ನ ಹಾಗೇ ಹೊಟ್ಟೆ ಉರಿಯುತ್ತಿರಬೇಕು ಎಂದುಕೊಂಡಳು.

ಅವಳು ಪಾರ್ಟಿ ಹಾಲ್ ಒಂದರ ಮ್ಯಾನೇಜರ್. ಕೆಲಸದವರ ಬಾಯಲ್ಲಿ 'ಕುರ್ಚಿ ಮೇಡಂ'. ಐವತ್ತು ಜನ ಬರಲಿ, ಐನೂರು ಬರಲಿ, ಅವಳು ನಡೆಸಿದ ಆರತಕ್ಷತೆಯಲ್ಲಿ ಯಾರೂ ಕೂರಲು ಜಾಗವಿಲ್ಲದೆ ನಿಂತದ್ದಿಲ್ಲ. ಕುರ್ಚಿಗೆ ಅಂಟಿಸುವ ಚೀಟಿಯಲ್ಲಿ ಅವಳು ಹೆಸರು ಬರೆಯುವುದೇ ಇಲ್ಲ, ನಂಟು ಬರೆಯುತ್ತಾಳೆ. ವರನ ಸೋದರತ್ತೆ, ವಧುವಿನ ಭಾವ. ಹೆಸರು ತಪ್ಪಾದರೆ ಮುನಿಸಿಕೊಳ್ಳುವ ಜನ, ನಂಟು ಓದಿದ ಕೂಡಲೇ ಉಬ್ಬಿಹೋಗಿ ತೆಪ್ಪಗೆ ಕೂರುತ್ತಾರೆ. ಹಾಗಾಗಿ ಅಪ್ಪ ಹೆಣ್ಣಿನ ಹೆಸರು ಹೇಳದೆ "ಅವತ್ತೇ ನೋಡುವಿಯಂತೆ" ಅಂದರೂ ಅವನ ಮದುವೆಯ ಆರತಕ್ಷತೆಗೆ ಕುರ್ಚಿ ಜೋಡಿಸುವ ಅವಳ ಕೆಲಸ ನಿಲ್ಲಲಿಲ್ಲ. ಮನಸ್ಸು ಮಾತ್ರ ಕುದಿಯಿತು.

ಕುದಿಯಲು ಕಾರಣವಿತ್ತು. ಒಂಬತ್ತನೇ ವಯಸ್ಸಿನಲ್ಲಿ ನ್ಯಾಯಾಧೀಶರು ಯಾರ ಜೊತೆ ಇರುತ್ತೀಯ ಎಂದಾಗ ಅವಳು ಅಪ್ಪನ ಅಂಗಿ ಹಿಡಿದುಕೊಂಡಿದ್ದಳು. ಮನೆಗೆ ಬರುವ ದಾರಿಯಲ್ಲೇ ಅಪ್ಪ ಆಣೆ ಹಾಕಿಸಿದ್ದ: ಇನ್ನು ಅಮ್ಮನ ಹೆಸರೆತ್ತಕೂಡದು. ಎತ್ತಲಿಲ್ಲ. ಅಮ್ಮನ ಕಾಗದಗಳನ್ನು ಒಡೆಯದೆ ವಾಪಸು ಮಾಡಿದಳು. ತನ್ನ ಆರತಕ್ಷತೆಯ ದಿನ ಗೇಟಿನ ಹತ್ತಿರ ನಿಂತಿದ್ದ ಅಮ್ಮನನ್ನು "ಅವರು ನಮ್ಮವರಲ್ಲ" ಎಂದು ಕಾವಲುಗಾರನಿಂದ ಹೇಳಿಸಿ ಕಳಿಸಿದಳು. ಅವತ್ತು ಅಪ್ಪ ತಲೆ ಸವರಿ, "ನಂಗೆ ನೀನೊಬ್ಬಳೇ ಸಾಕು ಕಣೇ" ಅಂದಿದ್ದ.

ಸಾಕಂತೆ. ಈಗ ನೋಡಿದರೆ ಮದುವೆ. ಇಷ್ಟು ವರ್ಷ ಅವನೊಬ್ಬನಿಗಾಗಿ ಎದೆ ಕಲ್ಲು ಮಾಡಿಕೊಂಡವಳನ್ನು ಅಪ್ಪ ನಡುನೀರಿನಲ್ಲಿ ಕೈಬಿಟ್ಟಿದ್ದ.

ಹೆಣ್ಣು ಯಾರೆಂದು ಊಹಿಸುವುದೇನೂ ಕಷ್ಟವಿರಲಿಲ್ಲ. ಪಕ್ಕದ ಬೀದಿಯ ಹೊಲಿಗೆ ಟೀಚರ್. ವಾರಕ್ಕೊಮ್ಮೆ ಗಡಿಯಾರ ಕೆಡಿಸಿಕೊಂಡು ಬರುವವರು, ಅಪ್ಪನ ಹಳಸಲು ಜೋಕಿಗೂ ಬಿದ್ದುಬಿದ್ದು ನಗುವವರು ಇನ್ಯಾರಿದ್ದಾರೆ?

"ಒಳ್ಳೆಯವರೇ ಬಿಡು," ಅಂದ ಗಂಡ. "ಆದ್ರೆ ಟೀಚರ್‌ಗೆ ಮಗಳಿದ್ದಾಳಾ?"

"ದೂರದಲ್ಲೆಲ್ಲೋ ಇರಬೇಕು. ಜಗಳ ಆಡಿಕೊಂಡವಳು ಕಣ್ಣಿಗೆ ಬೀಳ್ತಾಳಾ?"

ಹೂವಿನ ಮಾತು ಬಂದಾಗ ಅಪ್ಪ ತಡವರಿಸಿದ. "ಘಾಟಿನ ಹೂ ಬೇಡವಂತೆ. ನಿಂಗೆ ಸೀನು ಹತ್ತುತ್ತೆ ಅಂದ್ಳು."

"ಅದು ಅವರಿಗೆ ಹೇಗೆ ಗೊತ್ತು?"

ಅಪ್ಪ ಗಡಿಯಾರದ ಮೇಲೆ ಬಗ್ಗಿದ. ಮನೆಯ ಸೀನು ಕೆಮ್ಮು ಎಲ್ಲ ಆಗಲೇ ಅಲ್ಲಿಗೆ ವರದಿಯಾಗಿದೆ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಆದರೂ ಆ ಕಾಣದ ಹುಡುಗಿಯ ಮೇಲೆ ಕನಿಕರ ಬಂತು. 'ವರನ ಮಗಳು' ಎಂಬ ತನ್ನ ಕುರ್ಚಿಯ ಪಕ್ಕದಲ್ಲೇ 'ವಧುವಿನ ಮಗಳು' ಎಂದು ಚೀಟಿ ಅಂಟಿಸಿದಳು. ಇಬ್ಬರೂ ಮೋಸ ಹೋದವರು, ಜೊತೆಗಾದರೂ ಕೂರೋಣ ಎಂದುಕೊಂಡಳು.

ಮದುವೆಯ ದಿನ ಬೆಳಿಗ್ಗೆ, ರಿಜಿಸ್ಟ್ರಾರ್ ಕಚೇರಿಗೆ ಹೊರಟ ಅಪ್ಪ ಹಾಲ್‌ಗೆ ಬಂದು ಆ ಎರಡು ಕುರ್ಚಿಗಳ ಮುಂದೆ ನಿಂತ. ಸಾಕ್ಷಿಗಳನ್ನು ಬಿಟ್ಟು ಕಚೇರಿಗೆ ಯಾರೂ ಬರುವುದು ಬೇಡ ಎಂದು ಮೊದಲೇ ಹೇಳಿದ್ದ.

"ಒಂದು ಕುರ್ಚಿ ಸಾಕಿತ್ತೇನೋ," ಅಂದ.

"ಬರ್ತಾಳೆ ಬಿಡಪ್ಪಾ. ಎಷ್ಟೇ ಕೋಪ ಇದ್ರೂ ಹೆತ್ತ ತಾಯಿನ ಹಾಗೆ ದೂರ ಮಾಡೋಕಾಗುತ್ತಾ?"

ಅಪ್ಪ ಅವಳನ್ನೇ ನೋಡಿದ. "ನೀನೇ ಹೇಳ್ತಿದ್ದೀಯಲ್ಲಮ್ಮಾ," ಅಂದವನು ಕನ್ನಡಕ ತೆಗೆದು ಒರೆಸುತ್ತಾ ಹೊರಟುಬಿಟ್ಟ.

ಸಂಜೆ ಆರೂವರೆಗೆ ಹಾಲ್ ತುಂಬಿತು. ವಧುವಿನ ಮಗಳು ಮಾತ್ರ ಬರಲಿಲ್ಲ. ಹೊರಗೆ ಕಾರು ನಿಂತ ಸದ್ದಾಯಿತು. ಮುಖದ ಮೇಲೊಂದು ನಗು ತಂದುಕೊಂಡು, ಹೂಗುಚ್ಛ ಹಿಡಿದು ಅವಳು ಬಾಗಿಲಿಗೆ ನಡೆದಳು. ಇವತ್ತೊಂದು ದಿನ ಅಪ್ಪನ ಮರ್ಯಾದೆ ಉಳಿಸಿ, ನಾಳೆಯಿಂದ ಅವನಿಗೂ ತನಗೂ ಅಷ್ಟಕ್ಕಷ್ಟೇ ಎಂದು ನಿರ್ಧರಿಸಿಯಾಗಿತ್ತು.

"ಸ್ವಲ್ಪ ಜಾಗ ಬಿಡಮ್ಮಾ, ಮದುಮಗಳನ್ನ ನಾನೂ ನೋಡ್ತೀನಿ," ಎಂದು ಯಾರೋ ಹಿಂದಿನಿಂದ ಭುಜ ಮುಟ್ಟಿದರು.

ತಿರುಗಿದಳು. ಉಡುಗೊರೆಯ ಪೊಟ್ಟಣ ಹಿಡಿದು ಹೊಲಿಗೆ ಟೀಚರ್ ನಿಂತಿದ್ದರು.

ಅಪ್ಪನ ಕೈ ಹಿಡಿದು ಕಾರಿನಿಂದ ಇಳಿದವಳು ಅಮ್ಮ.