ಅರವತ್ತು ಪುಟಗಳ ನಡುವೆ

ಫಿನಾಯಿಲ್ ವಾಸನೆ ಬಂದರೆ ಅವಳು ಇಂದಿಗೂ ಏಳು ವರ್ಷದವಳು, ಅಜ್ಜಿ ಮಲಗಿದ್ದ ವಾರ್ಡಿನ ಹೊರಗೆ ಕಾಯುತ್ತಿದ್ದ ಹುಡುಗಿ. ಈಗ ಅಂಥದ್ದೇ ಆಸ್ಪತ್ರೆಯೊಂದರ ವೆಬ್‌ಸೈಟನ್ನು ಹೊಸದಾಗಿ ಕಟ್ಟಿದ್ದಳು. ಮುಗಿಯದಷ್ಟು ಉದ್ದವಿದ್ದ ಹಳೆಯ ಪುಟವನ್ನು ಅರವತ್ತು ಚಿಕ್ಕ ಪುಟಗಳಾಗಿ ಕತ್ತರಿಸಿ ಒಂಬತ್ತು ಮೆನುಗಳಲ್ಲಿ ಜೋಡಿಸಿದ್ದಳು. ಇಂದು ನಾಲ್ಕು ಗಂಟೆಗೆ ಅದು ಜನರಿಗೆ ತೆರೆಯಬೇಕು. ಇನ್ನು ತಡವಾದರೆ ಕೆಲಸ ಬೇರೆಯವರಿಗೆ ಎಂದು ಸೂಪರಿಂಟೆಂಡೆಂಟರು ಹೇಳಿಯಾಗಿತ್ತು.

“ಆಯಮ್ಮ, ಮಕ್ಕಳನ್ನ ನೋಡೋಕೆ ಎಷ್ಟು ಗಂಟೆಗೆ ಬಿಡ್ತಾರೆ ಅಂತ ಇದ್ರಲ್ಲಿ ಹುಡುಕಿ ನೋಡೋಣ,” ಎಂದು ವಾರ್ಡಿನ ಮೇಜಿನ ಮೇಲಿದ್ದ ಕಂಪ್ಯೂಟರನ್ನು ಅವರತ್ತ ತಿರುಗಿಸಿದಳು.

ಮಕ್ಕಳ ವಾರ್ಡಿನ ಆಯಮ್ಮ ‘ಸೇವೆಗಳು’ ಒತ್ತಿದರು, ‘ವಿಭಾಗಗಳು’ ಒತ್ತಿದರು. “ಹಳೇದ್ರಲ್ಲಿ ಸುಮ್ನೆ ಕೆಳಗಿಳೀತಾ ಹೋದ್ರೆ ಸಿಗ್ತಿತ್ತು. ಇದೇನು ತಾಯಿ, ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂಗಾಯ್ತು! ನೀನೇ ತೋರಿಸು.”

ಅವಳು ಮೌಸ್ ಹಿಡಿದಳು. ಒಂದು ಮೆನು, ಎರಡು, ಐದು. ತಾನೇ ಇಟ್ಟದ್ದು ತನಗೇ ಸಿಗಲಿಲ್ಲ. ಕೊನೆಗೆ ಅದು ‘ಆಡಳಿತ’ದೊಳಗಿನ ‘ಪರವಾನಗಿ’ಯಲ್ಲಿತ್ತು. “ಭೇಟಿಯ ಚೀಟಿಗೆ ಸೀಲು ಹಾಕೋದು ಆ ಕಚೇರಿ ತಾನೇ, ಅದಕ್ಕೇ ಅಲ್ಲಿಟ್ಟೆ,” ಎಂದಳು.

“ಸೀಲು ಯಾರು ಹಾಕ್ತಾರೆ ಅಂತ ಹೆತ್ತವರಿಗೇನು ಗೊತ್ತು?” ಎಂದರು ಆಯಮ್ಮ.

ಹಾಗಾದರೆ ಉಳಿದ ಐವತ್ತೊಂಬತ್ತು ಪುಟಗಳು? ಯಾವುದು ಸರಿ, ಯಾವುದು ತಪ್ಪು, ಅವಳಿಗೆ ಒಂದೂ ತಿಳಿಯಲಿಲ್ಲ. ಸೂಪರಿಂಟೆಂಡೆಂಟರಿಗೆ ಫೋನ್ ಮಾಡಿದಳು. “ಸಾರ್, ಇವತ್ತು ತೆರೆಯೋದು ಬೇಡ. ಹಳೇದೇ ಇರಲಿ. ಇದ್ರಲ್ಲಿ ನನಗೇ ದಾರಿ ಸಿಗ್ತಿಲ್ಲ.”

ಆ ಕಡೆ ಫೋನ್ ಪಟ್ಟನೆ ಇಟ್ಟ ಸದ್ದು ಆಯಮ್ಮನಿಗೂ ಕೇಳಿಸಿತು. ಅವರು ತಮ್ಮ ಬುತ್ತಿ ಬಿಚ್ಚಿ, ಅರ್ಧ ಅನ್ನವನ್ನು ಮುಚ್ಚಳಕ್ಕೆ ಬಡಿಸಿ, ಅವಳ ಕೈಗಿಟ್ಟರು.