ಫಾತಿಮಾ ಆಂಟಿಯ ಕನ್ನಡ

ಜ್ಯಾಕ್ಸನ್ ಹೈಟ್ಸ್‌ನ ಸೀರೆ ಅಂಗಡಿಗೆ ಕಾಲಿಟ್ಟರೆ, ಹೊಸ ಗಂಜಿಯ ವಾಸನೆಗೆ ಕುವೈತಿನ ಆ ಮಧ್ಯಾಹ್ನ ನನಗೆ ನೆನಪಾಗುತ್ತದೆ.

ಇರಾಕಿನ ಸೈನಿಕರು ಊರನ್ನು ಹಿಡಿದಿದ್ದರು. ಪಕ್ಕದ ಮನೆಯ ಫಾತಿಮಾ ಆಂಟಿಯ ಗಂಡ ಕುವೈತಿ ಪೊಲೀಸ್ ಆಗಿದ್ದರಿಂದ ಆಂಟಿಯನ್ನೂ ಹುಡುಕುತ್ತಿದ್ದರು. ಅಮ್ಮ ಅವರಿಗೆ ತನ್ನ ಗರಿಗರಿ ವಾಯಿಲ್ ಸೀರೆ ಉಡಿಸಿ, ಕುಂಕುಮ ಇಟ್ಟು, ನಮ್ಮ ಕಾರಿನಲ್ಲಿ ಕೂರಿಸಿದಳು.

“ಅವ್ರಿಗೆ ಹೇಳು ಮಾರಾಯ್ತಿ, ಅರಬ್ಬಿಯಲ್ಲಿ ಬಾಯಿಬಿಟ್ರೆ ಮುಗೀತು,” ಅಂದರು ಅಪ್ಪ.

ದಾರಿಯ ತಪಾಸಣೆಯಲ್ಲಿ ಸೈನಿಕನೊಬ್ಬ ಕಾರಿನ ಕಿಟಕಿಗೆ ಬಗ್ಗಿ ಆಂಟಿಯನ್ನೇ ಏನೋ ಕೇಳಿದ. ಅಮ್ಮ ನನ್ನ ತೊಡೆ ಹಿಂಡಿದಳು. ಆಂಟಿಗೆ ಬರುತ್ತಿದ್ದ ಕನ್ನಡ ಒಂದೇ, ಅಮ್ಮ ದಿನಾ ಬಾಗಿಲಲ್ಲಿ ಕೇಳುತ್ತಿದ್ದದ್ದು.

“ಊಟ ಆಯ್ತಾ?” ಅಂದರು.

“ಹಿಂದಿ,” ಅಂದ ಸೈನಿಕ. ಅರಬ್ಬಿಯಲ್ಲಿ ಹಾಗೆಂದರೆ ಇಂಡಿಯಾದವರು. ಕೈಬೀಸಿ ಬಿಟ್ಟುಬಿಟ್ಟ.

ತಿರುವು ದಾಟಿದ ಮೇಲೆ ಅಮ್ಮ ಆಂಟಿಯನ್ನು ತಬ್ಬಿಕೊಂಡು, ನಗುತ್ತಾ ಅಳುತ್ತಾ, “ಆಯ್ತು ಮಾರಾಯ್ತಿ, ಆಯ್ತು,” ಅನ್ನುತ್ತಲೇ ಇದ್ದಳು.